ಹೆಚ್ಚುವರಿ ಸಾವಿನ ಲೆಕ್ಕ

ಕ್ಯಾನ್ಸರ್ ಬಂದವರೆಲ್ಲ ಕ್ಯಾನ್ಸರಿನಿಂದಲೇ ಸಾಯುವುದಿಲ್ಲ. ಹೃದಯ ನಿಲ್ಲುತ್ತದೆ, ಲಾರಿ ಗುದ್ದುತ್ತದೆ, ವಯಸ್ಸು ತನ್ನ ಪಾಲು ಕೇಳುತ್ತದೆ. ಹಾಗಾದರೆ ರೋಗವೇ ಕಸಿದ ಜೀವಗಳೆಷ್ಟು? ಮರಣಪತ್ರ ನೋಡಿ ಎಣಿಸೋಣವೆಂದರೆ, 2020ರಲ್ಲಿ ನಮ್ಮ ದೇಶದಲ್ಲಿ ನೋಂದಣಿಯಾದ ಸಾವುಗಳ ಪೈಕಿ ವೈದ್ಯರು ಕಾರಣ ದೃಢೀಕರಿಸಿದ್ದು ಶೇ 22.5ರಷ್ಟಕ್ಕೆ ಮಾತ್ರ.

ಸಂಖ್ಯಾಶಾಸ್ತ್ರದವರು ಕಾರಣ ಕೇಳದೆಯೇ ಲೆಕ್ಕ ಮಾಡುವ ದಾರಿ ಹುಡುಕಿದರು. ರೋಗಿಗಳ ಪಕ್ಕದಲ್ಲಿ ಅದೇ ವಯಸ್ಸಿನ, ಅದೇ ಲಿಂಗದ, ಅದೇ ಸೀಮೆಯ ಸಾಮಾನ್ಯ ಜನರನ್ನು ನಿಲ್ಲಿಸಿದರು. ಎಪ್ಪತ್ತೈದು ದಾಟಿದ ನೂರು ರೋಗಿಗಳಲ್ಲಿ ಐದು ವರ್ಷದ ಮೇಲೆ 48 ಮಂದಿ ಉಳಿದರೆನ್ನಿ; ಅಂಥದೇ ನೂರು ಸಾಮಾನ್ಯರಲ್ಲಿ 80 ಮಂದಿ ಉಳಿಯುತ್ತಾರೆನ್ನಿ. 48ನ್ನು 80ರಿಂದ ಭಾಗಿಸಿದರೆ ಶೇ 60. ಇದು ಸಾಪೇಕ್ಷ ಬದುಕುಳಿವು. ಸತ್ತ 52ರಲ್ಲಿ 20 ಸಾವು ಹೇಗೂ ಆಗುತ್ತಿದ್ದವು. ಮಿಕ್ಕ 32 ಹೆಚ್ಚುವರಿ.

ಧಾರವಾಡದ ನನ್ನ ಸೋದರಮಾವನಿಗೆ ದೊಡ್ಡಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ವರ್ಷ. ಕಣ್ಣಿಗೆ ಪೊರೆ ಬಂದಿತ್ತು, ಆಪರೇಶನ್ ಒಲ್ಲೆ ಎಂದರು. "ಇನ್ನೆಷ್ಟ ದಿನಾ ಇರಾಂವವಾ ನಾ? ಕಣ್ಣ ತಗೊಂಡ ಏನ ಮಾಡ್ಲಿ?" ರೋಗ ಪತ್ತೆಯಾದ ದಿನ ಕೇಳಿದ ಐದು ವರ್ಷದ ಸಂಖ್ಯೆಯೊಂದನ್ನು ಅವರು ಇನ್ನೂ ಹಿಡಿದುಕೊಂಡಿದ್ದರು.

ಪುಣೆಯಿಂದ ಫೋನಿನಲ್ಲೇ ವಿವರಿಸಿದೆ. ಹೆಚ್ಚುವರಿ ಸಾವಿನ ದರ ಎಲ್ಲ ವರ್ಷವೂ ಒಂದೇ ಇರುವುದಿಲ್ಲ. ಮಾದರಿಗಳು ಒಟ್ಟು ದರವನ್ನು ಎರಡಾಗಿ ಒಡೆಯುತ್ತವೆ: ವಯಸ್ಸಿನದೊಂದು, ರೋಗದ್ದೊಂದು. ಕರುಳಿನ ಕ್ಯಾನ್ಸರಿನಲ್ಲಿ ರೋಗದ ಪಾಲು ಮೊದಲ ವರ್ಷಗಳಲ್ಲಿ ಹೆಚ್ಚಿದ್ದು, ಆಮೇಲೆ ಇಳಿದು ಸೊನ್ನೆಯ ಹತ್ತಿರ ಬರುತ್ತದೆ. ಅಲ್ಲಿಂದಾಚೆಗೆ ಗುಂಪಾಗಿ ನೋಡಿದರೆ ಬದುಕುಳಿದವರು ಓರಗೆಯವರಂತೆಯೇ. ಸ್ತನ ಕ್ಯಾನ್ಸರಿನಲ್ಲಿ ಹೀಗಲ್ಲ, ಹತ್ತು ವರ್ಷದ ಮೇಲೂ ಸ್ವಲ್ಪ ಪಾಲು ಉಳಿದಿರುತ್ತದೆ.

ಈ ಲೆಕ್ಕಕ್ಕೂ ಮಿತಿಯಿದೆ. ನಮ್ಮ ಎಸ್‌ಆರ್‌ಎಸ್ ಜೀವಿತ ಕೋಷ್ಟಕಗಳು ರಾಜ್ಯ, ಹಳ್ಳಿ-ಪಟ್ಟಣ, ಗಂಡು-ಹೆಣ್ಣು ಎಂದು ಬಿಡಿಸುತ್ತವೆ. ಬೀಡಿ ಸೇದಿದವರು, ಸೇದದವರು ಎಂದಲ್ಲ. ಶ್ವಾಸಕೋಶದ ಕ್ಯಾನ್ಸರ್ ರೋಗಿಗಳಲ್ಲಿ ಬಹಳಷ್ಟು ಜನ ಧೂಮಪಾನಿಗಳು. ಅವರ ಹೃದಯಾಘಾತಗಳೂ ಕ್ಯಾನ್ಸರಿನ ಖಾತೆಗೇ ಜಮೆಯಾಗಿಬಿಡುತ್ತವೆ. ಮೇಲಾಗಿ ದರವೆಂಬುದು ಗುಂಪಿನದು. ಅದರಲ್ಲಿ ಮಾವನ ಹೆಸರಿಲ್ಲ.

ಅದನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಅಂದ್ರ ಈಗ ನನಗ ಮುಪ್ಪೊಂದ ರೋಗ ಅನ್ನು."

ಬಹುಮಟ್ಟಿಗೆ ಹೌದು ಎಂದೆ. ಮರುವಾರ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರು.