ಎಲೆಯ ಬೆನ್ನು

ಮೆಣಸಿನಗಿಡದ ಎಲೆ ಅಂಚೆತ್ತಿ ದೋಣಿಯಂತೆ ಮುದುಡಿದರೆ ಅದು ಸಾಮಾನ್ಯವಾಗಿ ಥ್ರಿಪ್ಸ್ ಕೆಲಸ. ಅಂಚು ಕೆಳಗೆ ಬಾಗಿದರೆ ನುಸಿಯದು. ಗಡಹಿಂಗ್ಲಜದ ನಮ್ಮ ಹಿತ್ತಲಲ್ಲಿ ಸಂಕೇಶ್ವರಿ ಮೆಣಸಿನ ಸಾಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಈ ಭೇದ ಹುಡುಕುವುದು ನನಗೆ ಬೆಳಗಿನ ಚಹಾಕ್ಕಿಂತ ರುಚಿ. ಕುಡಿಯನ್ನು ಬಿಳಿ ಹಾಳೆಯ ಮೇಲೆ ತಟ್ಟಿದರೆ ಥ್ರಿಪ್ಸ್ ಓಡಾಡುವುದು ಕಾಣುತ್ತದೆ. ನುಸಿಗೆ ಭೂತಗನ್ನಡಿಯೇ ಬೇಕು. ಗಂಧಕಕ್ಕೆ ನುಸಿ ಬಗ್ಗುತ್ತದೆ, ಥ್ರಿಪ್ಸಿಗೆ ಬೇವು ಬೇಕು. ಯಾರದು ಕೆಲಸ ಎಂದು ತಿಳಿಯದೆ ಕೈಗೆ ಸಿಕ್ಕಿದ್ದನ್ನು ಹೊಡೆಯುವುದು ನನಗೆ ಒಗ್ಗದು.

ಬದನಿಗಿಡದ್ದು ಬೇರೆಯೇ ಪಾಠ. ಬುಡದಲ್ಲಿ ಹಸಿ ಇದ್ದರೂ ಒಂದೇ ಒಂದು ಕುಡಿ ಬಾಡಿ ಜೋತುಬಿದ್ದಿರುತ್ತದೆ. ಒಂದು ಗೇಣು ಕೆಳಗೆ ಚಿವುಟಿ ಸೀಳಿದರೆ ಒಳಗೆ ನಸುಗೆಂಪು ಹುಳ. ಅದನ್ನು ಅಲ್ಲೇ ಮುಗಿಸದಿದ್ದರೆ ಅದರ ಸಂತತಿ ಕಾಯಿಗೇ ಇಳಿಯುತ್ತದೆ. ಎಣಗಾಯಿಗೆಂದು ತೊಟ್ಟು ಉಳಿಸಿ ನಾಲ್ಕು ಸೀಳು ಮಾಡುವಾಗ ಒಳಗೆಲ್ಲ ಕಪ್ಪು ಹಿಕ್ಕೆ ಕಂಡರೆ ಆಗುವ ಸಂಕಟ ಅಡಿಗೆ ಮಾಡುವವರಿಗೇ ಗೊತ್ತು. ಅದಕ್ಕೇ ಬಾಡಿದ ಕುಡಿ ಕೀಳುವುದನ್ನು ಒಂದು ದಿನವೂ ತಪ್ಪಿಸಲಾರೆ.

ಅಲಸಂದಿಗೆ ಹೇನು ಹತ್ತಿದ ಸುದ್ದಿ ಮೊದಲು ಹೇಳುವುದು ಇರುವೆ. ಹೇನು ಸ್ರವಿಸುವ ಸಿಹಿರಸಕ್ಕಾಗಿ ಅವು ಬಳ್ಳಿಗೆ ಸಾಲು ಹಚ್ಚುತ್ತವೆ, ಹೇನು ತಿನ್ನಲು ಬಂದ ಗುಲಗಂಜಿ ಹುಳವನ್ನು ಅಟ್ಟುತ್ತವೆ. "ಇಬ್ಬನಿ ಇದ್ದಾಗನ ಬೂದಿ ಹೊಡಿಬೇಕವ್ವಾ, ಆಗ ಹತ್ತತೈತಿ," ಎನ್ನುತ್ತಿದ್ದಳು ಆಯಿ. ಆದರೂ ಒಂದು ಬಳ್ಳಿಯನ್ನು ಮುಟ್ಟದೆ ಬಿಡುತ್ತೇನೆ. ಹೇನೇ ಇಲ್ಲದ ಹಿತ್ತಲಲ್ಲಿ ಗುಲಗಂಜಿ ಏಕೆ ನಿಂತೀತು? ಅದರ ಮರಿ ಕಿತ್ತಳೆ ಚುಕ್ಕೆಯ ಕರಿ ಹುಳ, ದೊಡ್ಡದರಂತೆ ಸ್ವಲ್ಪವೂ ಇರುವುದಿಲ್ಲ; ಪೀಡೆಯೆಂದು ಎಷ್ಟೋ ಜನ ಹೊಸಕಿಬಿಡುತ್ತಾರೆ. ಹೇನು ತಿನ್ನುವುದರಲ್ಲಿ ಅದು ತಾಯಿಗೆ ಕಡಿಮೆಯಿಲ್ಲ.

ನಿಪ್ಪಾಣಿ ಹತ್ತಿರವಿರುವುದರಿಂದ ತಂಬಾಕಿನ ಪುಡಿಗೆ ನಮ್ಮಲ್ಲಿ ಬರವಿಲ್ಲ; ಹಳಬರು ಅದರ ಕಷಾಯವನ್ನೇ ನಂಬಿದ್ದರು. ನಾನು ಬಳಸುವುದಿಲ್ಲ. ನಿಕೋಟಿನ್ನಿಗೆ ಹೇನೂ ಒಂದೇ, ಗುಲಗಂಜಿಯೂ ಒಂದೇ. ಮೇಲಾಗಿ ತಂಬಾಕಿನ ಮೊಸಾಯಿಕ್ ನಂಜು ಆ ಪುಡಿಯಿಂದಲೇ ಟೊಮ್ಯಾಟೊ, ಮೆಣಸಿನಗಿಡಗಳಿಗೆ ದಾಟಬಲ್ಲದು. ನನ್ನದು ಬೇವು. ಮಳೆಗಾಲದ ಮೊದಲಲ್ಲಿ ಉದುರಿದ ಹಣ್ಣು ಆರಿಸಿ, ತೊಳೆದು, ಬೀಜವನ್ನು ನೆರಳಲ್ಲಿ ಒಣಗಿಸಿ ಇಡುತ್ತೇನೆ. 50 ಗ್ರಾಂ ತಿರುಳಿನ ಪುಡಿಯನ್ನು 1 ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಸೋಸಿ, ಚೂರು ಸಾಬೂನು ಕದಡಿ, ಮಾರನೆಯ ಸಂಜೆ ಎಲೆಯ ಬೆನ್ನಿಗೆ ಸಿಂಪಡಿಸಬೇಕು. ಬಿಸಿಲಿಗೆ ಅದರ ಸತ್ವ ಬೇಗ ಕೆಡುತ್ತದೆ. ಹುಳ ಕೂಡಲೇ ಸಾಯುವುದಿಲ್ಲ. ತಿನ್ನುವುದನ್ನು ಬಿಡುತ್ತದೆ, ಪೊರೆ ಕಳಚಲಾರದೆ ಸೋಲುತ್ತದೆ. ಈ ನಿಧಾನ ನನಗೆ ಹಿಡಿಸುತ್ತದೆ.

ಇಚಲಕರಂಜಿಯಲ್ಲಿ ಮಗ್ಗಗಳ ಸದ್ದಿನ ನಡುವೆ ಮಾಳಿಗೆಯ ಮೇಲೆ ಕುಂಡ ಇಟ್ಟಿರುವ ಅಕ್ಕನಿಗೂ ಈ ಪುಡಿ ಕಳಿಸುತ್ತೇನೆ. ಮೊನ್ನೆ ಫೋನು ಮಾಡಿದ್ದಳು: ಬೆಂಡಿಯ ಎಲೆಯ ನರಗಳೆಲ್ಲ ಹಳದಿಯಾಗಿವೆಯಂತೆ. ಅದು ಬಿಳಿನೊಣ ತಂದಿಟ್ಟ ನಂಜು. ಹತ್ತಿದ ಗಿಡಕ್ಕೆ ಬೇವೂ ಇಲ್ಲ, ಬೇರೆ ಮದ್ದೂ ಇಲ್ಲ. "ಅಕ್ಕಾ, ಆ ಗಿಡಾ ಇವತ್ತ ಕಿತ್ತ ಸುಟ್ಟಬಿಡ. ಉಳದಾವರ ಉಳೀತಾವ," ಅಂದೆ.