ತಿಂಡಿಯ ಹುಡುಕಾಟದಲ್ಲಿ ಕಲಿತ ಪಾಠ

ನಮ್ಮ ಮನೆಯಲ್ಲಿ 'ಹೋಟೆಲ್ ತಿಂಡಿ' ಎಂಬುದು ಬಹುಕಾಲ ಒಂದು ಬೈಗುಳವೇ ಆಗಿತ್ತು. ಉಪ್ಪಿಟ್ಟಿಗೆ ಎಣ್ಣೆ ತುಸು ಹೆಚ್ಚಾದರೆ "ಏನಿದು, ಹೋಟೆಲ್ ತಿಂಡಿಯ ಹಾಗೆ?" ಎನ್ನುತ್ತಿದ್ದೆ. ನನ್ನಾಕೆ ಉತ್ತರ ಕೊಡುತ್ತಿರಲಿಲ್ಲ. ತಟ್ಟೆಯಲ್ಲಿರುವುದು ಎಲ್ಲಿಂದ ಬಂತು, ಯಾರು ಎಷ್ಟು ಹೊತ್ತಿಗೆ ಎದ್ದು ಮಾಡಿದರು ಎಂದು ಕೇಳದೆಯೇ ನಲವತ್ತಕ್ಕೂ ಹೆಚ್ಚು ವರ್ಷ ಉಂಡವನು ನಾನು. ಮೂವತ್ತಮೂರು ವರ್ಷ ವಿಜ್ಞಾನದ ಮೇಷ್ಟ್ರಾಗಿದ್ದು 2007ರಲ್ಲಿ ನಿವೃತ್ತನಾಗಿ, ಬೆಂಗಳೂರಿನ ಹನುಮಂತನಗರದಲ್ಲಿ ಮಗನ ಮನೆಗೆ ಬಂದು ಸೇರಿದ ಮೇಲೂ ಈ ಅಭ್ಯಾಸ ಬದಲಾಗಲಿಲ್ಲ.

ಅದು ಬದಲಾದದ್ದು 2022ರ ಅಕ್ಟೋಬರಿನಲ್ಲಿ. ನನ್ನಾಕೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಯಿತು. ಮನೆಗೆ ಬಂದ ಮೇಲೆ ಮೂರು ತಿಂಗಳು ಒಲೆಯ ಮುಂದೆ ನಿಲ್ಲಕೂಡದೆಂದು ವೈದ್ಯರು ಹೇಳಿದರು. ಮಗ ಸೊಸೆ ಇಬ್ಬರೂ ಬೆಳಗ್ಗೆ ಏಳಕ್ಕೆ ಮನೆ ಬಿಡುವವರು. ಸೊಸೆ ಮಧ್ಯಾಹ್ನಕ್ಕೆ ಅನ್ನ, ಸಾರು ಮಾಡಿಟ್ಟು ಹೋಗುತ್ತಿದ್ದಳು. ಬೆಳಗಿನ ತಿಂಡಿಯ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ. ವಹಿಸಿಕೊಂಡೆನೆಂದರೆ ಮಾಡಿದೆನೆಂದಲ್ಲ, ಚೀಲ ಹಿಡಿದು ತರಲು ಹೊರಟೆ.

ಮೊದಲ ದಿನ ಮನೆಗೆ ಅತ್ಯಂತ ಹತ್ತಿರವಿದ್ದ ಒಂದು ಹೋಟೆಲಿನಿಂದ ಇಡ್ಲಿ ತಂದೆ. ಆಗ ಹತ್ತು ಗಂಟೆಯಾಗಿತ್ತು. ಇಡ್ಲಿ ಹುಳಿಯಾಗಿತ್ತು, ಸಾಂಬಾರು ಬೆಲ್ಲದ ಪಾನಕದಂತಿತ್ತು. ಆಕೆ ಒಂದು ಚೂರು ಬಾಯಿಗಿಟ್ಟು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಕಾಯಿಲೆಯವರು ತಟ್ಟೆ ಸರಿಸುವುದನ್ನು ನೋಡುವುದು ಎಷ್ಟು ಕಷ್ಟವೆಂಬುದು ನೋಡಿದವರಿಗೇ ಗೊತ್ತು. ಎರಡನೆಯ ದಿನವೂ, ಮೂರನೆಯ ದಿನವೂ ಹಾಗೆಯೇ ಆಯಿತು. ಒಂದು ವಾರದಲ್ಲಿ ಆಕೆಯ ಕೈಬಳೆಗಳು ಮೊಣಕೈಯವರೆಗೆ ಸರಿಯತೊಡಗಿದವು. ನಾಲ್ಕನೆಯ ದಿನವೋ ಐದನೆಯ ದಿನವೋ ಆಕೆಯೇ ಹೇಳಿದಳು: "ಹತ್ತು ಗಂಟೆಗೆ ಹೋದರೆ ಇನ್ನೇನು ಸಿಗುತ್ತೆ? ಆರು ಗಂಟೆಗೆ ಹೋಗಿ. ಮೊದಲನೇ ಹಬೆ ತನ್ನಿ."

ಹೀಗೆ ನನ್ನ ಹುಡುಕಾಟ ಆರಂಭವಾಯಿತು. ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವವರಿಗೆ ಈ ವಿಷಯದಲ್ಲಿ ಪುಣ್ಯವಿದೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ನಡೆದುಬಂದಿದೆ. ಕುರ್ಚಿ ಮೇಜುಗಳ ಗೊಡವೆಯಿಲ್ಲ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಚಹಾ, ಇಷ್ಟೇ. ಸಾಂಬಾರು ಇಲ್ಲವೇ ಇಲ್ಲ. ಚಟ್ನಿಯನ್ನು ಮಾತ್ರ ಧಾರಾಳವಾಗಿ ಹಾಕುತ್ತಾರೆ. ಅಲ್ಲಿಂದ ತಂದ ಇಡ್ಲಿಯನ್ನು ಆಕೆ ಒಂದಿಡೀ ತಿಂದಳು. ಅಂದು ನಾನು ಗೆದ್ದೆನೆಂದುಕೊಂಡೆ. ನಾಲ್ಕೇ ತಿಂಡಿ ಮಾಡುವವರು ಆ ನಾಲ್ಕನ್ನೂ ಚೆನ್ನಾಗಿ ಮಾಡುತ್ತಾರೆ. ಗೋಡೆಯ ಮೇಲೆ ನೂರಿಪ್ಪತ್ತು ಹೆಸರು ಬರೆದಿರುವ ಕಡೆ ಯಾವುದೋ ಒಂದು ನಿನ್ನೆಯದಾಗಿರುವ ಸಂಭವ ಹೆಚ್ಚು. ಇದು ನಾನು ಕಂಡುಕೊಂಡ ಮೊದಲ ಸೂತ್ರ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದದ್ದು. ಹೆಸರೇ ಹೇಳುವಂತೆ, ಸುತ್ತಲಿನ ಶಾಲೆಗಳ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ತೆರೆದ ಹೋಟೆಲು. ಅಲ್ಲಿಯ ದೋಸೆಯನ್ನು ಪೊಟ್ಟಣ ಕಟ್ಟಿಸಿ ತಂದು ಪೆಟ್ಟು ತಿಂದೆ. ಗರಿಗರಿಯಾದ ದೋಸೆ ತನ್ನದೇ ಹಬೆಯಲ್ಲಿ ಬೆಂದು ಮನೆ ತಲಪುವಷ್ಟರಲ್ಲಿ ಒದ್ದೆ ಬಟ್ಟೆಯಂತಾಗಿತ್ತು. ತಪ್ಪು ದೋಸೆಯದಲ್ಲ, ಪೊಟ್ಟಣ ಕಟ್ಟಿಸಿದವನದು. ದೋಸೆಯ ಬಳಿಗೆ ನಾವು ಹೋಗಬೇಕೇ ಹೊರತು ಅದನ್ನು ನಮ್ಮ ಬಳಿಗೆ ಕರೆತರಬಾರದು. ಇಡ್ಲಿ ಹಾಗಲ್ಲ, ಅದು ಪ್ರಯಾಣವನ್ನು ಸಹಿಸುತ್ತದೆ. ರವೆ ಇಡ್ಲಿಯಂತೂ ಇನ್ನೂ ಚೆನ್ನಾಗಿ ಸಹಿಸುತ್ತದೆ. 1924ರಲ್ಲಿ ಆರಂಭವಾದ, ಲಾಲ್‌ಬಾಗಿನ ಬಳಿಯ ಎಂ.ಟಿ.ಆರ್. ಹೋಟೆಲಿನವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆಯಲ್ಲಿ ಇಡ್ಲಿ ಮಾಡಿ ನೋಡಿದರೆಂಬುದು ಪ್ರಸಿದ್ಧವಾದ ಮಾತು. ಕೊರತೆಯಿಂದ ಹುಟ್ಟಿದ ತಿಂಡಿ ಸಮೃದ್ಧಿಯ ಕಾಲದಲ್ಲೂ ಉಳಿಯಿತು. ಆಕೆಗೆ ಅದು ಹಿಡಿಸಿತು. ಒಗ್ಗರಣೆಯ ಗೋಡಂಬಿಯನ್ನು ನನಗೆ ತೆಗೆದಿಟ್ಟು ಉಳಿದದ್ದನ್ನು ತಿನ್ನುತ್ತಿದ್ದಳು.

ಬಾಯಿಗೆ ರುಚಿ ಮರಳುತ್ತಿದ್ದಂತೆ ಆಕೆಯ ಬೇಡಿಕೆಗಳು ತಿಂಡಿಯಿಂದ ಸಾಮಾನುಗಳಿಗೆ ತಿರುಗಿದವು. ಸೊಸೆಯ ಸಾರಿಗೆ ಪುಡಿ ತಾನೇ ಹೇಳಿ ಮಾಡಿಸುವೆನೆಂದು ಹಟ ಹಿಡಿದು, ಬ್ಯಾಡಗಿ ಮೆಣಸಿನಕಾಯಿ ತರಲು ಹೇಳಿದಳು. ನಾನು ನುಣ್ಣಗೆ ಹೊಳೆಯುವ ಕೆಂಪು ಕಾಯಿ ನೋಡಿ ಅರ್ಧ ಕಿಲೋ ತಂದೆ. ಆಕೆ ಒಂದನ್ನು ಮುರಿದು ಮೂಸಿ, "ಇದು ಗುಂಟೂರಿನದು. ನನ್ನ ಹೊಟ್ಟೆ ಸುಟ್ಟುಹೋಗುತ್ತೆ. ಬ್ಯಾಡಗಿಗೆ ಮೈಯೆಲ್ಲ ಸುಕ್ಕಿರುತ್ತೆ" ಎಂದು ಹಿಂದಕ್ಕೆ ಕಳಿಸಿದಳು. ಹಾವೇರಿ ಜಿಲ್ಲೆಯ ಊರಿನ ಹೆಸರು ಹೊತ್ತ, 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಈ ಮೆಣಸಿನಕಾಯಿಯ ಗುಣವೇ ಅದು: ಬಣ್ಣ ಗಾಢ, ಖಾರ ಸೌಮ್ಯ. ಧನಿಯವನ್ನು ಅಂಗೈಯಲ್ಲಿ ತಿಕ್ಕಿ ಮೂಸಬೇಕು, ಉದ್ದು ಹೊಸ ಬೆಳೆಯದೇ ಎಂದು ಕೇಳಬೇಕು, ಕಾಫಿಪುಡಿಯನ್ನು ಕಣ್ಣೆದುರು ಬೀಸಿಸಿ ವಾರಕ್ಕೆ ಬೇಕಾದಷ್ಟನ್ನೇ ತರಬೇಕು. ಹೀಗೆ ದಿನಕ್ಕೊಂದು ಪಾಠ. ಪ್ರತಿ ಸಲ ತಪ್ಪು ತಂದಾಗಲೂ ಆಕೆ ಬೈಯದೆ ತಿದ್ದುತ್ತಿದ್ದಳು. ನಾನು ಮೇಷ್ಟ್ರಾಗಿದ್ದಾಗ ಹಾಗೆ ತಿದ್ದಿದ್ದು ಕಡಿಮೆ.

ಚಳಿಗಾಲ ಬಂತು, ಅವರೆಕಾಯಿಯ ಕಾಲ. ಹಾಪ್‌ಕಾಮ್ಸ್ ಮಳಿಗೆಯಲ್ಲಿ ಹಣ್ಣು ತರಕಾರಿಗಳು ನಂಬಿಕೆಗೆ ಯೋಗ್ಯವಾಗಿರುತ್ತವೆ. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಹುಟ್ಟಿದ ಸಂಸ್ಥೆಯದು. ಆದರೆ ಅವರೆಗೆ ಮಾತ್ರ ಬೆಳಗಿನ ಜಾವ ಗಾಂಧಿ ಬಜಾರಿನ ರಸ್ತೆಬದಿಗೇ ಹೋಗಬೇಕೆಂದು ಆಕೆಯ ಅಪ್ಪಣೆ. ಮಾಗಡಿಯ ಕಡೆಯ ಸೊಗಡು ಕಾಯಿಯನ್ನು ಮುಟ್ಟಿದರೆ ಬೆರಳಿಗೆ ಅಂಟು ಹತ್ತುತ್ತದೆ. ಆ ಜಿಡ್ಡಿನಲ್ಲೇ ಪರಿಮಳವಿರುವುದು. 2023ರ ಜನವರಿಯಲ್ಲಿ, ವರ್ಷಗಳಿಂದ ಸಜ್ಜನ್‌ರಾವ್ ವೃತ್ತದ ಬಳಿಯ ತಿಂಡಿ ಬೀದಿಯಲ್ಲಿ ನಡೆಯುತ್ತಿದ್ದ ಅವರೆಬೇಳೆ ಮೇಳವನ್ನು ನ್ಯಾಷನಲ್ ಕಾಲೇಜಿನ ಮೈದಾನದಲ್ಲಿ ಏರ್ಪಡಿಸಿದ್ದರು. ಅಲ್ಲಿ ಅವರೆಬೇಳೆಯ ದೋಸೆಯಿಂದ ಜಾಮೂನಿನವರೆಗೆ ಎಲ್ಲವೂ ಇತ್ತು. ಒಂದು ಚಮಚ ಹಿತಕಿದ ಬೇಳೆಯ ಸಾರನ್ನು ಆಕೆಗೆ ತಂದುಕೊಟ್ಟೆ. ಆಕೆ ನಕ್ಕಳು. ಆ ಮೂರು ತಿಂಗಳಲ್ಲಿ ಅದೇ ಮೊದಲು.

ಆದರೆ ನಾನು ಇಂದು ಬರೆಯಲು ಕುಳಿತದ್ದು ಈ ಹೆಸರುವಾಸಿ ಜಾಗಗಳ ಬಗ್ಗೆ ಅಲ್ಲ. ಹನುಮಂತನಗರದಿಂದ ಇಳಿದು ಬರುವ ಒಂದು ಅಡ್ಡರಸ್ತೆಯಲ್ಲಿ, ಹೆಸರು ಹಲಗೆಯೂ ಮಾಸಿಹೋದ ಒಂದು ಚಿಕ್ಕ ದರ್ಶಿನಿಯಿದೆ. ನಿಂತೇ ತಿನ್ನುವ, ಚೀಟಿ ಕೊಟ್ಟು ತಟ್ಟೆ ಪಡೆಯುವ ಈ ಬಗೆಯ ಹೋಟೆಲುಗಳು 1980ರ ದಶಕದಿಂದ ಬೆಂಗಳೂರಿನ ಗಲ್ಲಿಗಲ್ಲಿಗೂ ಹಬ್ಬಿವೆ. ಅದೂ ಅಂಥದೇ ಒಂದು. ಡಿಸೆಂಬರಿನ ಒಂದು ಬೆಳಗ್ಗೆ ಆರಕ್ಕೆ ಮೊದಲೇ ಅಲ್ಲಿ ನಿಂತಿದ್ದೆ. ಇಡ್ಲಿ ಇನ್ನೂ ಹಬೆಯಲ್ಲಿತ್ತು. ಅಡುಗೆಯವರು, ಐವತ್ತು ದಾಟಿದ ಮನುಷ್ಯ, ಕಾಯಿರೆಂದು ಹೇಳಿ ಒಳಗಿನ ಸ್ಟೂಲು ಕೊಟ್ಟರು. ಇಷ್ಟು ಚಳಿಯಲ್ಲೂ ನಿಮ್ಮ ಇಡ್ಲಿ ಹೇಗೆ ಇಷ್ಟು ಹಗುರವಾಗಿರುತ್ತದೆಂದು ಕೇಳಿದೆ.

"ಎಲ್ಲಾ ಉದ್ದಿನಲ್ಲಿದೆ ಸಾರ್. ನೀರು ಸ್ವಲ್ಪಸ್ವಲ್ಪವೇ ಹಾಕ್ತಾ ಬೆಣ್ಣೆ ಹಾಗೆ ನುರಿಯಬೇಕು. ಉದ್ದು ಸರಿಯಾಗಿ ನುರಿದರೆ ಹಿಟ್ಟು ತಾನೇ ಉಬ್ಬುತ್ತೆ. ಚಳಿಗೆ ಉಬ್ಬೋದಿಲ್ಲ, ಅದಕ್ಕೆ ಎರಡು ಗಂಟೆ ಮುಂಚೆ ರುಬ್ಬಿ ಒಲೆ ಪಕ್ಕ ಇಡ್ತೀನಿ" ಎಂದರು. ತಾವು ಏಳುವುದು ಮೂರು ಗಂಟೆಗೆ, ಮಲಗುವುದು ರಾತ್ರಿ ಹನ್ನೊಂದಕ್ಕೆ ಎಂದೂ ಹೇಳಿದರು.

ನನ್ನ ಕೈಯಲ್ಲಿದ್ದ ಕಾಫಿ ಲೋಟ ಹಾಗೆಯೇ ನಿಂತಿತು. ಆ ಮಾತನ್ನು ನಾನು ಮೊದಲೇ ಕೇಳಿದ್ದೆ, ಹೆಚ್ಚುಕಡಿಮೆ ಅದೇ ಪದಗಳಲ್ಲಿ.

1980ರ ದಶಕದ ನಡುವಿನ ಮಾತು. ನಾನಿದ್ದ ಊರಿನ ಶಾಲೆ, ಎಂಟನೆಯ ತರಗತಿ, ಹುದುಗುವಿಕೆಯ ಪಾಠ. ಇಡ್ಲಿ ಹಿಟ್ಟು ರಾತ್ರಿ ಇಟ್ಟದ್ದು ಬೆಳಗ್ಗೆ ಏಕೆ ಉಬ್ಬುತ್ತದೆಂದು ಕೇಳಿದ್ದೆ. ಕೊನೆಯ ಬೆಂಚಿನಲ್ಲಿ ದಿನವೂ ತೂಕಡಿಸುತ್ತಿದ್ದ ಒಬ್ಬ ಹುಡುಗ ಅಂದು ತಾನಾಗಿ ಎದ್ದು ನಿಂತ. "ಉದ್ದು ಚೆನ್ನಾಗಿ ನುರಿದರೆ ಉಬ್ಬುತ್ತೆ ಸಾರ್. ಚಳಿಗೆ ಉಬ್ಬಲ್ಲ" ಎಂದ. ನನಗೆ ಬೇಕಾಗಿದ್ದ ಉತ್ತರ 'ಯೀಸ್ಟ್'. ತಪ್ಪು ಎಂದೆ. ಸುಮ್ಮನಾಗಿದ್ದರೆ ಸಾಕಿತ್ತು. "ಹಿಟ್ಟು ರುಬ್ಬೋದು ಗೊತ್ತಲ್ಲ, ನೀನು ಹೋಟೆಲಿನಲ್ಲಿ ಲೋಟ ತೊಳೆಯೋದಕ್ಕೇ ಲಾಯಕ್ಕು" ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಆ ಕಾಲದಲ್ಲಿ ಮೇಷ್ಟ್ರುಗಳ ಬಾಯಲ್ಲಿ ಸದಾ ಇರುತ್ತಿದ್ದ ಮಾತದು, ನಾನೊಬ್ಬನೇ ಆಡಿದ್ದಲ್ಲ. ಆದರೆ ಆ ಹುಡುಗನಿಗೆ ಆಡಿದವನು ನಾನೇ.

ಅವನು ಬಸ್‌ ನಿಲ್ದಾಣದ ಬಳಿ ಸೋದರಮಾವನ ಹೋಟೆಲಿನಲ್ಲಿ ಬೆಳಗಿನ ಜಾವ ಒರಳು ತಿರುಗಿಸಿ ಶಾಲೆಗೆ ಬರುತ್ತಿದ್ದನೆಂದು ಆಮೇಲೆ ತಿಳಿಯಿತು. ಆಮೇಲೆ ಎಂದರೆ ದಸರಾ ರಜೆಯ ನಂತರ, ಅವನು ಶಾಲೆಗೆ ಬಾರದೆ ಹೋದಾಗ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆದವನೂ ನಾನೇ. ಮನೆಗೆ ಹೋಗಿ ವಿಚಾರಿಸಲಿಲ್ಲ.

ದರ್ಶಿನಿಯಿಂದ ಮನೆಗೆ ಬಂದವನು ಮಗನ ಗಣಕಯಂತ್ರದಲ್ಲಿ ಇಡ್ಲಿ ಹಿಟ್ಟಿನ ವಿಜ್ಞಾನವನ್ನು ಓದಿದೆ. ಹಿಟ್ಟನ್ನು ಉಬ್ಬಿಸುವ ಮುಖ್ಯ ಕೆಲಸ ಯೀಸ್ಟಿನದಲ್ಲ, ಉದ್ದಿನೊಂದಿಗೇ ಬರುವ ಬ್ಯಾಕ್ಟೀರಿಯಾಗಳದು. ಲ್ಯೂಕೊನೊಸ್ಟಾಕ್ ಎಂಬುದು ಅವುಗಳಲ್ಲಿ ಪ್ರಮುಖ. ಅವು ಬಿಡುವ ಅನಿಲ ಹೊರಹೋಗದಂತೆ ಹಿಡಿದಿಡುವುದು ನುರಿದ ಉದ್ದಿನ ಲೋಳೆ. ತಣ್ಣಗಾದರೆ ಆ ಜೀವಿಗಳ ಕೆಲಸ ನಿಧಾನವಾಗುತ್ತದೆ. ಅಂದರೆ ಅಂದು ತರಗತಿಯಲ್ಲಿ ಸರಿಯಾದ ಉತ್ತರ ಹೇಳಿದವನು ಆ ಹುಡುಗ. ತಪ್ಪು ಹೇಳಿದವನು ಮೇಷ್ಟ್ರು. ಈ ಸಂಗತಿ 1960ರ ದಶಕದಲ್ಲೇ ಸಂಶೋಧಕರಿಗೆ ತಿಳಿದಿತ್ತು. ನಾನು ತಿಳಿದುಕೊಳ್ಳುವ ಗೋಜಿಗೆ ಹೋಗಿರಲಿಲ್ಲ ಅಷ್ಟೆ.

ಆ ಅಡುಗೆಯವರೇ ಈ ಹುಡುಗನಿರಬಹುದೇ ಎಂದು ನೀವು ಕೇಳಬಹುದು. ಅಲ್ಲ. ಮರುದಿನವೇ ಕೇಳಿದೆ, ಅವರು ಕುಂದಾಪುರದ ಕಡೆಯವರು. ಜೀವನ ಅಷ್ಟು ಸುಲಭವಾಗಿ ಲೆಕ್ಕ ಚುಕ್ತಾ ಮಾಡಿಕೊಡುವುದಿಲ್ಲ. ಊರಿನಲ್ಲಿ ಉಳಿದಿರುವ ಒಬ್ಬಿಬ್ಬರು ಹಳೆಯ ವಿದ್ಯಾರ್ಥಿಗಳನ್ನು ದೂರವಾಣಿಯಲ್ಲಿ ವಿಚಾರಿಸಿದೆ. ಮಾವನ ಹೋಟೆಲು ಮುಚ್ಚಿ ಬಹುಕಾಲವಾಯಿತು, ಕುಟುಂಬ ಎಲ್ಲಿ ಹೋಯಿತೋ ತಿಳಿಯದು ಎಂದರು. ಈಗ ಹೊಸ ಹೋಟೆಲಿಗೆ ಹೋದಾಗಲೆಲ್ಲ ಒಲೆಯ ಮುಂದಿರುವ ಐವತ್ತು ದಾಟಿದವರ ಮುಖವನ್ನು ನೋಡುತ್ತೇನೆ. ಎಂಟನೆಯ ತರಗತಿಯ ಮುಖ ಐವತ್ತು ದಾಟಿದ ಮುಖದಲ್ಲಿ ನನಗೆ ಗುರುತು ಸಿಗುವುದೂ ಕಷ್ಟ.

ಇದನ್ನೆಲ್ಲ ಆಕೆಗೆ ಹೇಳಿದೆ. ಮದುವೆಯಾದ ಮೇಲೆ ನನ್ನ ತಪ್ಪನ್ನು ನಾನಾಗಿ ಒಪ್ಪಿಕೊಂಡದ್ದು ಎರಡನೆಯ ಸಲವೋ ಮೂರನೆಯ ಸಲವೋ ಇರಬೇಕು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಅಷ್ಟೂ ವರ್ಷ ಹಿಟ್ಟು ರುಬ್ಬಿದೆ. ಅದೂ ಓದೇ ಅಂತ ನಿಮಗೆ ಅನ್ನಿಸಲಿಲ್ಲ" ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಉತ್ತರಿಸಲು ಅನುಕೂಲವಾಗುತ್ತಿತ್ತು.

ಆಕೆ ಈಗ ಚೆನ್ನಾಗಿದ್ದಾಳೆ. ಮೂರು ತಿಂಗಳ ಗಡುವು ಮುಗಿದರೂ ಹಿಟ್ಟು ರುಬ್ಬುವ ಕೆಲಸವನ್ನು ನಾನು ಹಿಂದಿರುಗಿಸಲಿಲ್ಲ. ಒಂದು ಪಾವು ಉದ್ದಿಗೆ ಎರಡೂವರೆ ಪಾವು ಇಡ್ಲಿ ರವೆ. ಉದ್ದು ನಾಲ್ಕು ಗಂಟೆ ನೆನೆಯಬೇಕು. ನುರಿದ ಹಿಟ್ಟಿನ ಒಂದು ಚಿಟಿಕೆಯನ್ನು ನೀರಿಗೆ ಹಾಕಿದರೆ ತೇಲಬೇಕು. ಮೊದಲ ಐದಾರು ಸಲ ನನ್ನ ಇಡ್ಲಿ ಬೋರ್ಡು ಒರೆಸುವ ಡಸ್ಟರಿನಷ್ಟು ಗಟ್ಟಿಯಾಗಿತ್ತು. ಈಗ ಪಾಸಾಗುವಷ್ಟು ಅಂಕ ಬರುತ್ತಿದೆ.

ಊರಿನಲ್ಲಿ ಒಳ್ಳೆಯ ತಿಂಡಿ ಎಲ್ಲಿ ಸಿಗುತ್ತದೆಂದು ಪರಿಚಿತರು ನನ್ನನ್ನು ಈಗ ಕೇಳುತ್ತಾರೆ. ಚಿಕ್ಕ ಪಟ್ಟಿಯ ಹೋಟೆಲು ಹುಡುಕಿ, ಬೇಗ ಹೋಗಿ, ದೋಸೆಯನ್ನು ಅಲ್ಲಿಯೇ ತಿನ್ನಿ, ಬ್ಯಾಡಗಿಯ ಸುಕ್ಕು ನೋಡಿ, ಅವರೆಯ ಅಂಟು ನೋಡಿ ಎನ್ನುತ್ತೇನೆ. ಇನ್ನೊಂದು ಮಾತನ್ನೂ ಸೇರಿಸುತ್ತೇನೆ: ತಿಂಡಿ ಹಿಡಿಸಿದರೆ ಗಲ್ಲೆಯಲ್ಲಿ ಕುಳಿತವರಿಗಷ್ಟೇ ಹೇಳಿ ಬರಬೇಡಿ. ಎರಡು ಹೆಜ್ಜೆ ಒಳಗೆ ಹೋಗಿ, ರುಬ್ಬಿದವರಿಗೆ ಹೇಳಿ. ಲೋಟ ತೊಳೆಯುವ ಹುಡುಗ ಅಲ್ಲಿದ್ದರೆ ಅವನಿಗೂ ಕೇಳಿಸಲಿ.