ಹಾರಂಗಿಯ ನೀರು, ಮಡಿಕೇರಿಯ ಪಾಯಿಂಟು

ಮಡಿಕೇರಿಗೆ ಪ್ರವಾಸಿಗರು ಮುಗಿಬೀಳುವುದು ಎರಡು ಕಾಲದಲ್ಲಿ. ಬಯಲುಸೀಮೆಯ ಸೆಕೆ ತಾಳಲಾರದೆ ಏಪ್ರಿಲ್, ಮೇ ತಿಂಗಳಲ್ಲಿ ಬರುವವರು ಒಂದು ಪಾಲು. ವರ್ಷದ ಕೊನೆಯ ರಜೆಯಲ್ಲಿ ಮಂಜು ನೋಡಲೆಂದು ಬರುವವರು ಇನ್ನೊಂದು ಪಾಲು. ಆಗಸ್ಟ್ ತಿಂಗಳ ಜಡಿಮಳೆಯಲ್ಲಿ, ರಾಜಾಸೀಟಿನಲ್ಲಿ ನಿಂತರೆ ಎದುರಿಗೆ ಕಣಿವೆ ಇದೆಯೋ ಇಲ್ಲವೋ ಎಂದು ಅನುಮಾನ ಬರುವ ದಿನಗಳಲ್ಲಿ, ಕೊಡೆ ಹಿಡಿದು ಬರುವವರು ಕಡಿಮೆ. ಹಾಗೆ ಬಂದವರು ಒಂದೋ ಮಳೆಯ ಹುಚ್ಚಿನವರು, ಇಲ್ಲವೇ ಪಾಯಿಂಟಿನವರು.

ಮೈಸೂರಿನ ಕುವೆಂಪುನಗರದ ಆ ದಂಪತಿ ಎರಡನೆಯ ಪಂಗಡದವರು. ಯಜಮಾನರು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಲೆಡ್ಜರು ಬರೆದು 2016ರಲ್ಲಿ ನಿವೃತ್ತರಾದವರು. ಆಗ ಬಂದ ಹಣದಲ್ಲಿ ಮೂರು ಲಕ್ಷ ರೂಪಾಯಿಯನ್ನು ಒಂದು ರೆಸಾರ್ಟ್ ಕಂಪನಿಗೆ ಕಟ್ಟಿ 25 ವರ್ಷದ ಸದಸ್ಯತ್ವ ಪಡೆದರು. ಮಗ ಅಮೆರಿಕದಲ್ಲಿ, ಮಗಳು ಪುಣೆಯಲ್ಲಿ. ವರ್ಷಕ್ಕೊಮ್ಮೆಯಾದರೂ ಎಲ್ಲರೂ ಒಂದೇ ಸೂರಿನಡಿ ನಾಲ್ಕು ದಿನ ಇರಬೇಕು ಎಂಬುದು ಲೆಕ್ಕಾಚಾರದ ಹಿಂದಿನ ಆಸೆ.

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಸಾರಿಗೆ ಬಸ್ಸಿನಲ್ಲಿ ಕಂಡಕ್ಟರು ಮನೆಯಾಕೆಯ ಕೈಗೆ ಶಕ್ತಿ ಯೋಜನೆಯ ಶೂನ್ಯ ದರದ ಟಿಕೆಟ್ ಇಟ್ಟಾಗ ಯಜಮಾನರು, “ನೋಡೇ, ಅರ್ಥವಾಗೋ ಲೆಕ್ಕ ಅಂದ್ರೆ ಇದು” ಎಂದರಂತೆ. ಅವರ ಜೇಬಿನಲ್ಲಿ ಆಗಲೇ ಆ ವರ್ಷದ ಪಾಯಿಂಟಿನ ಸ್ಟೇಟ್‌ಮೆಂಟ್ ಮಡಿಚಿ ಕುಳಿತಿತ್ತು.

ಹುಣಸೂರು, ಪಿರಿಯಾಪಟ್ಟಣ ದಾಟಿದರೆ ಬೈಲಕುಪ್ಪೆ. 1961ರಲ್ಲಿ ಟಿಬೆಟಿನಿಂದ ಬಂದವರಿಗೆ ನೆಲೆ ಕೊಟ್ಟ ಊರು. ಮೆರೂನ್ ನಿಲುವಂಗಿಯ ಬಾಲಭಿಕ್ಷುಗಳು ಬಸ್ ನಿಲ್ದಾಣದಲ್ಲಿ ಚುರುಮುರಿ ತಿನ್ನುತ್ತಿರುವ ದೃಶ್ಯ ಇಲ್ಲಿಯದು. ಮುಂದೆ ಕಾವೇರಿ ದಾಟಿದರೆ ಕುಶಾಲನಗರ. ಅಲ್ಲಿ ಇಳಿದು ಆಟೋ ಹಿಡಿದರೆ ಕೆಲವೇ ಕಿಲೋಮೀಟರ್ ದೂರದಲ್ಲಿ ಹಾರಂಗಿ ಜಲಾಶಯ. ಗರಿಷ್ಠ ಮಟ್ಟ 2,859 ಅಡಿ, ಸಾಮರ್ಥ್ಯ 8.5 ಟಿಎಂಸಿ. ಕೆಆರ್‌ಎಸ್ ನೋಡಿದವರಿಗೆ ಚಿಕ್ಕದೆನಿಸಿದರೂ ಕೊಡಗಿನ ಮಳೆಗೆ ಬಲುಬೇಗ ತುಂಬಿಬಿಡುವ ಅಣೆಕಟ್ಟು. ದಂಪತಿ ಹೋದ ದಿನ ಕ್ರೆಸ್ಟ್ ಗೇಟುಗಳಿಂದ ನೀರು ಹಾಲಿನಂತೆ ಧುಮುಕುತ್ತಿತ್ತು.

“ಮಂಡ್ಯದ ಕಡೆ ಬೇಸಿಗೇಲಿ ನೀರಿಲ್ಲ ಅಂತ ಜಗಳ. ಇಲ್ಲಿ ಇಷ್ಟು ನೀರು ಬಿಡ್ತೀರಲ್ಲಪ್ಪ?” ಎಂದು ಮನೆಯಾಕೆ ಕಾವಲುಗಾರನನ್ನು ಕೇಳಿದರು.

“ಇಡೋಕೆ ಜಾಗ ಬೇಕಲ್ಲಮ್ಮ. ಮೇಲೆ ಮಳೆ ಹೊಡೀತಾನೇ ಇದೆ. ಇವತ್ತು ನಾವು ಬಿಡದಿದ್ರೆ ನಾಳೆ ಅದೇ ಹೋಗುತ್ತೆ” ಎಂದ ಆತ. ಹಾರಂಗಿಯ ನೀರು ಕೂಡಿಗೆಯಲ್ಲಿ ಕಾವೇರಿಯನ್ನು ಸೇರಿ ಕೆಆರ್‌ಎಸ್ ಕಡೆಗೆ ಹೊರಡುತ್ತದೆ. ಆತನ ಮಾತು ಮಾತ್ರ ಮನೆಯಾಕೆಯ ತಲೆಯಲ್ಲಿ ಉಳಿಯಿತು.

ಕುಶಾಲನಗರದಿಂದ ಮಡಿಕೇರಿಗೆ ಸುಮಾರು 30 ಕಿಲೋಮೀಟರ್ ಘಾಟಿ. ಅಷ್ಟರಲ್ಲಿ ಹವೆ, ಮಣ್ಣು, ಮರ ಎಲ್ಲವೂ ಬದಲು. ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ. ಘಾಟಿಯ ಬುಡದ ಕುಶಾಲನಗರದಲ್ಲಿ ಅದರ ಅರ್ಧವೂ ಇಲ್ಲ. ಅರಬ್ಬೀ ಸಮುದ್ರದ ಕಡೆಯಿಂದ ಬರುವ ತೇವದ ಗಾಳಿ ಬೆಟ್ಟ ಏರುತ್ತಾ ತಣಿದು ಪಶ್ಚಿಮದ ಮಗ್ಗುಲಲ್ಲೇ ಬಹುಪಾಲು ಸುರಿದುಬಿಡುವುದು ಇದಕ್ಕೆ ಕಾರಣ.

ರೆಸಾರ್ಟು ಕಾಫಿ ತೋಟದ ಅಂಚಿನಲ್ಲಿತ್ತು. ಬೆಳಗಿನ ತಿಂಡಿಗೆ ಕಡಂಬುಟ್ಟು, ನೂಲ್‌ಪುಟ್ಟು. ಕಕ್ಕಡ ಮಾಸವಾದ್ದರಿಂದ ಮದ್ದುಸೊಪ್ಪಿನ ಪಾಯಸವೂ ಇತ್ತು. ನೇರಳೆ ಬಣ್ಣದ ಈ ಪಾಯಸದ ಸೊಪ್ಪಿಗೆ ಸಸ್ಯಶಾಸ್ತ್ರದವರು ಜಸ್ಟಿಸಿಯಾ ವೈನಾಡೆನ್ಸಿಸ್ ಎನ್ನುತ್ತಾರೆ. ಕಕ್ಕಡ ಹದಿನೆಂಟರಂದು ಅದರಲ್ಲಿ ಹದಿನೆಂಟು ಮದ್ದುಗಳ ಗುಣ ಸೇರಿರುತ್ತದೆ ಎಂಬುದು ಕೊಡವರ ನಂಬಿಕೆ.

ಪಾಯಸದ ಬಟ್ಟಲಿನ ಪಕ್ಕದಲ್ಲೇ ಯಜಮಾನರು ಸ್ಟೇಟ್‌ಮೆಂಟ್ ಹರಡಿದರು.

ಈ ಪಾಯಿಂಟಿನ ವ್ಯವಹಾರ ಹುಟ್ಟಿದ್ದು ಯುರೋಪಿನಲ್ಲಿ. ಒಂದು ರಜಾಮನೆಯನ್ನು ಒಬ್ಬನೇ ಕೊಂಡರೆ ವರ್ಷದಲ್ಲಿ ಹೆಚ್ಚು ದಿನ ಬೀಗ ಹಾಕಿರುತ್ತದೆ. ಹಲವರು ಸೇರಿ ಕಾಲವನ್ನು ಹಂಚಿಕೊಂಡರೆ ಎಲ್ಲರಿಗೂ ಅಗ್ಗ. ಟೈಮ್‌ಶೇರ್ ಎಂದರೆ ಇಷ್ಟೆ. ಸ್ವಿಟ್ಜರ್ಲೆಂಡಿನ ಹಾಪಿಮಾಗ್ 1963ರಲ್ಲಿ ಶುರುವಾಯಿತು. ಬೇರೆ ಬೇರೆ ಊರಿನ ಸದಸ್ಯರು ತಮ್ಮ ವಾರಗಳನ್ನು ಅದಲುಬದಲು ಮಾಡಿಕೊಳ್ಳಲೆಂದು ಅಮೆರಿಕದಲ್ಲಿ 1974ರಲ್ಲಿ ಆರ್‌ಸಿಐ ಹುಟ್ಟಿತು. ವರ್ಷದ ವಾರಗಳನ್ನು ಕೆಂಪು, ಬಿಳಿ, ನೀಲಿ ಎಂದು ಬೇಡಿಕೆಗೆ ತಕ್ಕಂತೆ ವಿಂಗಡಿಸುವ ಕ್ರಮ ಬಂತು. ನಮ್ಮಲ್ಲಿ ಕೊಡೈಕೆನಾಲಿನಂಥ ಗಿರಿಧಾಮಗಳಿಂದ 1980ರ ದಶಕದಲ್ಲಿ ಇದು ಜನರ ಬಾಯಿಗೆ ಬಂತು.

ವಾರದ ಲೆಕ್ಕದಲ್ಲಿ ಒಂದು ತೊಡಕಿತ್ತು. ಮೂವತ್ತೊಂದನೆಯ ವಾರ ನಿಮ್ಮದಾದರೆ, ಆ ವಾರ ಮನೆಯಲ್ಲಿ ಮದುವೆಯಿದ್ದರೂ ಅದೇ ನಿಮ್ಮದು. ಪಾಯಿಂಟು ಈ ಬಿಗಿಯನ್ನು ಸಡಿಲಿಸಿತು. ವಾರದ ಬದಲು ವರ್ಷಕ್ಕಿಷ್ಟು ಪಾಯಿಂಟು. ಯಾವ ಊರು, ಯಾವ ಕಾಲ, ಎಷ್ಟು ಕೋಣೆ ಎಂಬುದರ ಮೇಲೆ ಒಂದೊಂದು ರಾತ್ರಿಗೆ ಒಂದೊಂದು ಬೆಲೆ. ಸಡಿಲವಾಯಿತು ನಿಜ, ಜೊತೆಗೆ ಗೋಜಲೂ ಆಯಿತು.

ದಂಪತಿಗೆ ವರ್ಷಕ್ಕೆ 1,000 ಪಾಯಿಂಟು. ಜನವರಿ 1ರಂದು ಜಮೆ. ಮಡಿಕೇರಿಯಲ್ಲಿ ಮಳೆಗಾಲದ ಒಂದು ಕೋಣೆಯ ರಾತ್ರಿಗೆ 80. ಮಕ್ಕಳು, ಮೊಮ್ಮಕ್ಕಳು ಬಂದರೆ ಬೇಕಾಗುವ ಎರಡು ಕೋಣೆಯ ಮನೆಗೆ, ಡಿಸೆಂಬರ್ ಕೊನೆಯಲ್ಲಿ, ರಾತ್ರಿಗೆ 300. ಮಗ ಈ ಡಿಸೆಂಬರಿನಲ್ಲಿ ಬರುತ್ತೇನೆಂದು ಬರೆದಿದ್ದ. ಐದು ರಾತ್ರಿಗೆ 1,500 ಬೇಕು. ಸ್ಟೇಟ್‌ಮೆಂಟಿನ ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ‘ಒಟ್ಟು ಲಭ್ಯ: 1,650’ ಎಂದಿತ್ತು. 150 ಮಿಗುತ್ತದೆ! ಆದರೆ ಕೌಂಟರಿನ ಯುವಕ ಕಂಪ್ಯೂಟರ್ ನೋಡಿ, “250 ಕಮ್ಮಿ ಬರುತ್ತೆ ಸಾರ್” ಎಂದುಬಿಟ್ಟ. ಪಕ್ಕದಲ್ಲೇ ಟೈ ಕಟ್ಟಿ ಕುಳಿತಿದ್ದ ಇನ್ನೊಬ್ಬ, ಎರಡೂವರೆ ಲಕ್ಷ ಕಟ್ಟಿದರೆ ವರ್ಷಕ್ಕೆ ಇನ್ನೂ 500 ಪಾಯಿಂಟು ಸೇರುತ್ತದೆ, ಈ ತಾಪತ್ರಯವೇ ಇರುವುದಿಲ್ಲ ಎಂದು ಅರ್ಜಿ ಚಾಚಿದ. ಸಂಜೆಯೊಳಗೆ ಹೇಳಿದರೆ ರಿಯಾಯಿತಿಯಂತೆ.

ಮೂವತ್ತೈದು ವರ್ಷ ಒಂದು ಪೈಸೆ ತಪ್ಪದಂತೆ ತಾಳೆ ನೋಡಿದ ಮನುಷ್ಯನಿಗೆ ಒಂದು ಹಾಳೆ ತಾಳೆಯಾಗಲಿಲ್ಲ. ಎರಡೂವರೆ ಲಕ್ಷದ ಠೇವಣಿ ಅಕ್ಟೋಬರಿನಲ್ಲಿ ಮಾಗುವುದಿತ್ತು; ಅದು ಕಾಯಿಲೆ ಕಸಾಲೆಗೆಂದು ಇಟ್ಟ ಹಣ. ಆದರೂ ಅವರ ಕೈ ಪೆನ್ನಿನತ್ತ ಹೋಗಿತ್ತು.

ತಡೆದದ್ದು ಮನೆಯಾಕೆ. ಹಾಲ್‌ನ ಟೀಪಾಯಿಯ ಮೇಲಿದ್ದ ಪತ್ರಿಕೆಯಲ್ಲಿ ಎಂದಿನಂತೆ ಜಲಾಶಯಗಳ ನೀರಿನ ಮಟ್ಟದ ಪಟ್ಟಿಯಿತ್ತು: ಇಂದಿನ ಮಟ್ಟ, ಗರಿಷ್ಠ ಮಟ್ಟ, ಒಳಹರಿವು, ಹೊರಹರಿವು. ಅದನ್ನು ಸ್ಟೇಟ್‌ಮೆಂಟಿನ ಪಕ್ಕಕ್ಕಿಟ್ಟು, “ರೀ, ನೀವು ಇದನ್ನ ಪಾಸ್‌ಬುಕ್ ಅಂತ ಓದ್ತಾ ಇದ್ದೀರಿ. ಇದು ಹಾರಂಗಿ” ಎಂದರು.

ಆ ಮಾತಿನಲ್ಲಿ ಇಡೀ ವಿಷಯ ಅಡಗಿದೆ. ಬ್ಯಾಂಕಿನಲ್ಲಿಟ್ಟ ನೂರು ರೂಪಾಯಿ ಮುಂದಿನ ವರ್ಷವೂ ನೂರೇ, ಮೇಲೆ ಬಡ್ಡಿ. ಅಲ್ಲಿ ಕೊನೆಯ ಸಾಲಿನ ಬಾಕಿ ನೋಡಿದರೆ ಸಾಕು. ಪಾಯಿಂಟು ನೀರಿನಂತೆ. ಎಷ್ಟಿದೆ ಎಂಬುದಕ್ಕಿಂತ ಯಾವ ಮಳೆಯದು, ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದು ಮುಖ್ಯ. ಕಾವೇರಿಯ ನೀರಿನ ವರ್ಷ ಜೂನ್ 1ಕ್ಕೆ ಶುರುವಾಗಿ ಮೇ 31ಕ್ಕೆ ಮುಗಿಯುವಂತೆ ಪಾಯಿಂಟಿಗೂ ಒಂದು ವರ್ಷವಿದೆ. ಅದು ಪ್ರತಿ ಕಂಪನಿಗೆ, ಕೆಲವೊಮ್ಮೆ ಪ್ರತಿ ಸದಸ್ಯನಿಗೆ ಬೇರೆ. ಹಾಗಾಗಿ 1,650ನ್ನು ಕೂಡಿಟ್ಟು ನೋಡದೆ ಮತ್ತೆ ಬಿಡಿಸಬೇಕು.

ಮೊದಲ ಸಾಲು, ಹಿಂದಿನ ವರ್ಷದಿಂದ ಬಂದ ಉಳಿಕೆ 640. ಅದರಲ್ಲಿ ಈ ಸಲದ ಮೂರು ರಾತ್ರಿಗೆ 240 ಕಳೆದು 400. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಸೆಪ್ಟೆಂಬರ್ 30 ಎಂದಿದೆ. ಕೋಣೆಯನ್ನು ಕಾದಿರಿಸುವ ದಿನಕ್ಕಲ್ಲ, ಕೋಣೆಯಲ್ಲಿ ತಂಗುವ ದಿನಕ್ಕೆ ಪಾಯಿಂಟು ಜೀವಂತವಾಗಿರಬೇಕು ಎಂಬುದು ನಿಯಮ. ಡಿಸೆಂಬರಿಗೆ ಈ 400 ತೂಬಿನ ಮಟ್ಟಕ್ಕಿಂತ ಕೆಳಗಿನ ನೀರಿದ್ದಂತೆ. ಲೆಕ್ಕದಲ್ಲಿ ಇರುತ್ತದೆ, ಕಾಲುವೆಗೆ ಬರುವುದಿಲ್ಲ.

ಎರಡನೆಯ ಸಾಲು, ಈ ವರ್ಷದ ಜಮೆ 1,000. ಇದೊಂದೇ ನಿಜವಾಗಿ ಅವರ ಕೈಯಲ್ಲಿರುವುದು.

ಮೂರನೆಯ ಸಾಲು 250. ಜುಲೈಯಲ್ಲಿ ಫೋನು ಮಾಡಿದಾಗ ಆ ಕಡೆಯ ಹುಡುಗಿ, ಡಿಸೆಂಬರಿಗೆ ಅನುಕೂಲವಾಗಲೆಂದು ಮುಂದಿನ ವರ್ಷದ ಕಾಲು ಭಾಗವನ್ನು ಎರವಲು ತರಲೇ ಎಂದು ಕೇಳಿದ್ದಳು. ಯಜಮಾನರು ಹೂಂ ಎಂದಿದ್ದರು. ಸ್ಟೇಟ್‌ಮೆಂಟು ಅದನ್ನು ಜಮೆಯ ಕಡೆಯೇ ತೋರಿಸುತ್ತದೆ. ಬ್ಯಾಂಕಿನ ಕಣ್ಣಿಗೆ ಅದು ಸಾಲ! ಬರುವ ಜನವರಿಯಲ್ಲಿ ಜಮೆಯಾಗುವುದು 750 ಮಾತ್ರ.

ಅಂದರೆ ಡಿಸೆಂಬರಿಗೆ ಒದಗುವುದು 1,000 ಮತ್ತು 250, ಒಟ್ಟು 1,250. ಕೌಂಟರಿನ ಯುವಕ ಹೇಳಿದ ಕೊರತೆ ಸರಿಯೇ. ತಪ್ಪಿದ್ದು ದಪ್ಪ ಅಕ್ಷರದ ಆ ಕೂಡಿಕೆ.

ಇನ್ನೊಂದು ಲೆಕ್ಕವನ್ನು ಯಜಮಾನರೇ ಪತ್ರಿಕೆಯ ಅಂಚಿನಲ್ಲಿ ಮಾಡಿದರು. ಮೂರು ಲಕ್ಷವನ್ನು 25 ವರ್ಷಕ್ಕೆ ಹಂಚಿದರೆ ವರ್ಷಕ್ಕೆ 12,000. ಈ ವರ್ಷದ ನಿರ್ವಹಣಾ ಶುಲ್ಕ 18,000. ಕೂಡಿದರೆ 30,000, ಪಾಯಿಂಟು ಸಾವಿರ. ಬಡ್ಡಿಯನ್ನು ಬಿಟ್ಟರೂ ಪಾಯಿಂಟಿಗೆ 30 ರೂಪಾಯಿ. ಮಳೆಗಾಲದ ರಾತ್ರಿಗೆ 2,400, ಡಿಸೆಂಬರಿನ ರಾತ್ರಿಗೆ 9,000. ಸೆಪ್ಟೆಂಬರ್ 30ಕ್ಕೆ ಆ 400 ಹೋದರೆ ಹೋಗುವುದು 12,000 ರೂಪಾಯಿ. ಮನೆಯಾಕೆ ಅದನ್ನು ಎರಡು ಸಲ ಓದಿದರು.

ಹಳೆಯ ಸ್ಟೇಟ್‌ಮೆಂಟುಗಳೂ ಫೈಲಿನಲ್ಲಿದ್ದವು. ‘ಲ್ಯಾಪ್ಸ್ಡ್’ ಎಂಬ ಕಾಲಮನ್ನು ಅದುವರೆಗೆ ಯಾರೂ ಕೂಡಿ ನೋಡಿರಲಿಲ್ಲ. 2018ರಲ್ಲಿ 300: ಆ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಬೆಟ್ಟಗಳು ಕುಸಿದು ಕೊಡಗಿಗೆ ಪ್ರವಾಸಿಗರು ಬಾರದಂತೆ ಕೆಲ ಕಾಲ ತಡೆಯಿತ್ತು. 2020ರಲ್ಲಿ ಪೂರಾ 1,000: ಲಾಕ್‌ಡೌನ್. 2023ರಲ್ಲಿ 600: ಮಗನಿಗೆ ರಜೆ ಸಿಗಲಿಲ್ಲ. ಒಟ್ಟು 1,900. ಇಂದಿನ ದರದಲ್ಲಿ 57,000 ರೂಪಾಯಿ. ಮಳೆಯನ್ನೂ ರೋಗವನ್ನೂ ಯಾರೂ ತಡೆಯಲಾರರು. ಆದರೆ 2023ರ ಸಾಲಿನ ಮುಂದೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮಗ ಬರುತ್ತಾನೆಂದು ಡಿಸೆಂಬರಿನವರೆಗೆ ಕಾದದ್ದು ಅವರೇ. ನಡುವೆ ತಾವಿಬ್ಬರೇ ಹೋಗಿಬರಬಹುದು ಎಂದು ಹೊಳೆದಿರಲಿಲ್ಲ.

“ನಾವೂ ಸದಸ್ಯರೇ ಅಲ್ವೇನ್ರೀ?” ಎಂದರು ಮನೆಯಾಕೆ. “ಅವನು ಹೇಳಿದ್ನಲ್ಲ, ಇವತ್ತು ಬಿಡದಿದ್ರೆ ನಾಳೆ ಅದೇ ಹೋಗುತ್ತೆ ಅಂತ.”

400ನ್ನು 80ರಿಂದ ಭಾಗಿಸಿದರೆ ಸರಿಯಾಗಿ ಐದು. ಮಳೆಗಾಲದಲ್ಲಿ ಕೋಣೆಗಳಿಗೇನೂ ಬರವಿರಲಿಲ್ಲ. ಯಜಮಾನರು ಕೌಂಟರಿಗೆ ಹೋಗಿ ಇನ್ನೂ ಐದು ರಾತ್ರಿ ಬೇಕೆಂದರು. ಹಳೆಯ ಉಳಿಕೆಯಿಂದಲೇ ಕಳೆಯಬೇಕು, ಈ ವರ್ಷದ್ದನ್ನು ಮುಟ್ಟಬಾರದು ಎಂದು ಬಾಯಲ್ಲಿ ಹೇಳಿದ್ದಲ್ಲದೆ ಬರೆಸಿಯೂ ಕೊಂಡರು. ಡಿಸೆಂಬರಿಗೆ ನಾಲ್ಕು ರಾತ್ರಿ, 1,200 ಪಾಯಿಂಟು. ಐದನೆಯ ರಾತ್ರಿ ಮೈಸೂರಿನ ಮನೆಯಲ್ಲೇ ಎಂದು ಮಗನಿಗೆ ತಿಳಿಸಿದ್ದಾಯಿತು. ಎರಡೂವರೆ ಲಕ್ಷದ ಅರ್ಜಿ ಖಾಲಿಯಾಗಿಯೇ ಹಿಂದಿರುಗಿತು.

ಇಂಥ ಸದಸ್ಯತ್ವ ಇರುವವರು ಮಡಿಕೇರಿಗೋ ಇನ್ನೆಲ್ಲಿಗೋ ಹೊರಡುವ ಮುನ್ನ ಸ್ಟೇಟ್‌ಮೆಂಟಿನ ಪ್ರತಿ ಸಾಲಿನ ಪಕ್ಕದ ದಿನಾಂಕಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುವುದು ಲೇಸು. ಎರವಲನ್ನು ಖರ್ಚಿನ ಕಡೆ ಬರೆದುಕೊಳ್ಳಿ. ಮೊದಲು ಮುಗಿಯುವುದನ್ನು ಮೊದಲು ಬಳಸಿ. ಉಳಿಕೆಯನ್ನು ಮುಂದಕ್ಕೆ ಸಾಗಿಸಲು ಕಡೆಯ ದಿನ ಯಾವುದು, ಅದಕ್ಕೆ ಶುಲ್ಕ ಉಂಟೇ ಎಂದು ಬರಹದಲ್ಲಿ ಕೇಳಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗವೂ ಇದೆ. ಮಡಿಕೇರಿಗೆ ರೈಲಿಲ್ಲ; ಮೈಸೂರಿನವರೆಗೆ ರೈಲು, ಅಲ್ಲಿಂದ ಬಸ್ಸು. ಮಳೆಗಾಲದಲ್ಲಿ ಕೊಡೆಯ ಜೊತೆ ಜಿಗಣೆಗೆ ಒಂದು ಹಿಡಿ ಉಪ್ಪು ಇಟ್ಟುಕೊಳ್ಳುವುದು ಮರೆಯಬಾರದು.

ಆರನೆಯ ದಿನ ಮಧ್ಯಾಹ್ನ ಮಳೆ ಅರ್ಧ ಗಂಟೆ ಬಿಟ್ಟಿತು. ರಾಜಾಸೀಟಿನಲ್ಲಿ ಇವರಿಬ್ಬರನ್ನು ಬಿಟ್ಟರೆ ಕಡಲೆಕಾಯಿ ಮಾರುವವನು ಮಾತ್ರ. ಮೋಡ ಪದರ ಪದರವಾಗಿ ಮೇಲೆದ್ದು, ಕೆಳಗೆ ಗದ್ದೆ, ಅದರಾಚೆ ಬೆಟ್ಟ, ಅದರಾಚೆ ಇನ್ನೊಂದು ಬೆಟ್ಟ ಕಂಡವು.

“ಇದಕ್ಕೆಷ್ಟು ಪಾಯಿಂಟು ರೀ?” ಎಂದರು ಮನೆಯಾಕೆ.

ಯಜಮಾನರು ಜೇಬಿಗೆ ಕೈ ಹಾಕಿದರು. ಸ್ಟೇಟ್‌ಮೆಂಟು ಕೋಣೆಯಲ್ಲೇ ಉಳಿದಿತ್ತು.